ಸುಣ್ಣದವಳ ಮಗಳು ಕೇಳಿದ್ದು

ಆ ಊರಿಗೆ ಹೆಸರಿತ್ತೋ ಇಲ್ಲವೋ, ನೆನಪಿಟ್ಟವರಿಲ್ಲ. ಅಲ್ಲಿ ನಡೆಯುತ್ತಿದ್ದ ಒಂದು ಕಟ್ಟಳೆಯನ್ನು ಮಾತ್ರ ಯಾರೂ ಮರೆತಿಲ್ಲ. ಬಾಯಿಬಿಟ್ಟು ಕೇಳಿದ್ದು ಸಿಗಬೇಕು. ಬಾಯಿಬಿಟ್ಟು ಕೇಳದ್ದು ಸಿಗಬಾರದು.

ಊರ ನಡುವೆ ಕಲ್ಲಿನ ಕಟ್ಟೆಯೊಂದಿತ್ತು. ಅದನ್ನು ಕೇಳುಕಟ್ಟೆ ಎನ್ನುತ್ತಿದ್ದರು. ಬೆಳಿಗ್ಗೆ ನಗಾರಿ ಬಡಿದರೆ ಊರೆಲ್ಲ ಅದರ ಮುಂದೆ ಸಾಲು ನಿಲ್ಲುತ್ತಿತ್ತು. ಕಟ್ಟೆಯ ಮೇಲೆ ಕೇಳುಗ ಕೂರುತ್ತಿದ್ದ. ಬಿಳಿ ಪಂಚೆ, ಬಿಳಿ ರುಮಾಲು. ಎರಡೂ ಕಿವಿ ಹೊರಗೆ ಕಾಣುವ ಹಾಗೆ ರುಮಾಲು ಸುತ್ತಿರುತ್ತಿದ್ದ. ಅವನ ಎಡಬಲದಲ್ಲಿ ಅಳೆದು ಕೊಡುವ ಹೆಂಗಸರು, ಅವರ ಮುಂದೆ ನೀರಿನ ಹಂಡೆ, ಅಕ್ಕಿಯ ಕುಕ್ಕೆ, ರಾಗಿಯ ಕುಕ್ಕೆ, ಎಣ್ಣೆಯ ಗಡಿಗೆ. ಸಾಲಿನಲ್ಲಿ ಬಂದವರು ಬೇಕಾದ್ದನ್ನು ಮೂರು ಸಲ ಹೇಳಬೇಕು. ಮೂರನೆಯ ಸಲಕ್ಕೆ ಕೇಳುಗ "ಕೇಳಿಸಿತು" ಎನ್ನುತ್ತಿದ್ದ. ಅವನು ಹಾಗೆಂದ ಮೇಲೆ ಕೊಡದೆ ಇರುವ ಹಕ್ಕು ಯಾರಿಗೂ ಇರಲಿಲ್ಲ. ಅವನು ಹಾಗೆನ್ನದೆ ಕೊಡುವ ಹಕ್ಕೂ ಯಾರಿಗೂ ಇರಲಿಲ್ಲ, ಹೆತ್ತ ತಾಯಿಗೂ.

ಮಕ್ಕಳಿಗೆ ಮಾತ್ರ ಐದು ವರ್ಷದ ತನಕ ವಿನಾಯಿತಿ. ಅಲ್ಲಿಯವರೆಗೆ ತಾಯಿ ಕೇಳಬಹುದು. ಐದು ತುಂಬಿದ ಬೆಳಿಗ್ಗೆ ಮಗುವಿಗೆ ಎರೆದು, ತಲೆ ಬಾಚಿ, ಕಟ್ಟೆಯ ಮುಂದೆ ನಿಲ್ಲಿಸಬೇಕು. ಮಗು ತನ್ನ ಬಾಯಿಂದ ನೀರು ಕೇಳಬೇಕು. ಕೇಳದ ಮಗುವನ್ನು ಹೊಳೆಯಾಚೆಯ ಸದ್ದಿಲ್ಲದ ಮನೆಗೆ ಕಳಿಸುತ್ತಿದ್ದರು. ಜ್ವರದಲ್ಲಿ ನಾಲಿಗೆ ಬಿದ್ದವರಿಗೂ, ಮುಪ್ಪಿನಲ್ಲಿ ಮಾತು ಕಳೆದುಕೊಂಡವರಿಗೂ ಅದೇ ದಾರಿ. ಅಲ್ಲಿ ಎರಡು ಹೊತ್ತು ಗಂಜಿ ಹಾಕುತ್ತಾರಂತೆ ಎಂದಷ್ಟೇ ಊರಿಗೆ ಗೊತ್ತಿತ್ತು. ಹೋದವರಲ್ಲಿ ಒಬ್ಬರೂ ಹಿಂದೆ ಬಂದಿರಲಿಲ್ಲ.

ಊರಿನ ಗೋಡೆಗಳ ಮೇಲೆ ಒಂದು ಗೆರೆಯೂ ಇರಕೂಡದಾಗಿತ್ತು. ಹೊಸ್ತಿಲಿಗೆ ರಂಗೋಲಿಯಿಲ್ಲ, ಕೌದಿಯ ಮೇಲೆ ಹೂವಿಲ್ಲ, ಮಡಕೆಯ ಕೊರಳಿಗೆ ಬಳ್ಳಿಯಿಲ್ಲ. ಚಿತ್ರ ಕಂಡರೆ ಮಕ್ಕಳ ನಾಲಿಗೆ ಸೋಮಾರಿಯಾಗುತ್ತದೆ ಎಂದು ಹಿರಿಯರು ಹೇಳಿದ್ದರು. ಅದಕ್ಕೇ ವಾರಕ್ಕೊಮ್ಮೆ ಗೋಡೆಗಳಿಗೆಲ್ಲ ಸುಣ್ಣ.

ಸುಣ್ಣ ಬಳಿಯುವ ಕೆಲಸ ಒಬ್ಬ ಹೆಂಗಸಿನದು. ಅವಳನ್ನು ಸುಣ್ಣದವಳು ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ನಾರಿನ ಕುಂಚ ಹಿಡಿದು ಅವಳ ಬೆರಳ ಸಂದುಗಳು ಬಿರಿದುಹೋಗಿದ್ದವು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಐದು ತುಂಬಲು ಇನ್ನು ಎರಡೇ ತಿಂಗಳಿತ್ತು. ಮಗಳು ಮಾತಾಡುತ್ತಿರಲಿಲ್ಲ.

ಕಿವಿ ಕೇಳುತ್ತಿತ್ತು. ದೂರದಲ್ಲಿ ಕಾಗೆ ಕೂಗಿದರೂ ತಿರುಗುತ್ತಿದ್ದಳು. ನಗುತ್ತಿದ್ದಳು, ಗುನುಗುತ್ತಿದ್ದಳು, ಬೇಕಾದ್ದು ಸಿಗದಿದ್ದರೆ ತನ್ನ ಮುಂಗೈಯನ್ನೇ ಕಚ್ಚಿಕೊಂಡು ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಮುಂಗೈಯ ಮೇಲೆ ಹಲ್ಲಿನ ಗುರುತು ಮಾಯುವ ಮೊದಲೇ ಇನ್ನೊಂದು ಮೂಡುತ್ತಿತ್ತು.

"ಎರಡು ಬಾರಿಸು, ಬಾಯಿ ತಾನಾಗೇ ಬಿಡ್ತಾಳೆ" ಎನ್ನುತ್ತಿದ್ದಳು ಪಕ್ಕದ ಮನೆಯವಳು. "ನೀನು ಕೇಳೋಕೆ ಮುಂಚೆ ಎಲ್ಲ ಕೊಟ್ಟು ಕೊಟ್ಟು ಕೆಡಿಸಿದ್ದೀಯ."

ಕೇಳುವ ತನಕ ಕೊಡದೆ ಇರುವುದನ್ನೂ ಸುಣ್ಣದವಳು ಮಾಡಿ ನೋಡಿದ್ದಳು. ಒಂದು ದಿನ ನೀರಿನ ತಂಬಿಗೆಯನ್ನು ಮಗಳ ಮುಂದೆ ಎತ್ತಿ ಹಿಡಿದು ಕೂತಳು. "ನೀರು ಅನ್ನು, ಕಂದ. ನೀ... ರು." ಮಗಳು ತಾಯಿಯ ತುಟಿಗಳನ್ನೇ ನೋಡಿದಳು, ದೂರದ ಗಿಡದಲ್ಲಿ ಕೂತ ಹಕ್ಕಿಯನ್ನು ನೋಡುವ ಹಾಗೆ. ಬಿಸಿಲು ಏರಿತು. ಮಗಳ ತುಟಿ ಒಣಗಿ ಬಿರಿಯಿತು. ತಾಯಿಗೆ ತನ್ನ ಕೈ ತನ್ನದಲ್ಲವೇನೋ ಅನ್ನಿಸಿತು. ತಂಬಿಗೆ ಮಗಳ ಬಾಯಿಗಿಟ್ಟು, ಅವಳು ಗುಟುಕು ಗುಟುಕಾಗಿ ಕುಡಿಯುವಷ್ಟು ಹೊತ್ತೂ ಅತ್ತಳು. ಮತ್ತೆಂದೂ ಆ ಪಾಠ ಮಾಡಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಅವಳು ಕಣಜದ ಹಿಂದಿನ ಗೋಡೆ ಬಳಿಯುತ್ತಿದ್ದಳು. ಮಗಳು ಬೆಳಗಿನಿಂದ ಅಳುತ್ತಿದ್ದಳು. ರೊಟ್ಟಿ ಕೊಟ್ಟರೆ ಎಸೆದಳು, ಬೆಲ್ಲ ಕೊಟ್ಟರೆ ಉಗುಳಿದಳು, ಎತ್ತಿಕೊಂಡರೆ ಒದ್ದಳು. ಸುಣ್ಣದವಳಿಗೂ ಸಾಕಾಗಿತ್ತು. ಕುಂಚವನ್ನು ಗೋಡೆಗೆ ಜೋರಾಗಿ ಬಡಿದಳು. ಎಷ್ಟೋ ವರ್ಷಗಳ ಸುಣ್ಣ ಒಂದರ ಮೇಲೊಂದು ಕೂತು ದಪ್ಪಗಾಗಿತ್ತು. ಬಡಿದ ಏಟಿಗೆ ಮೊರದಗಲದ ಹಪ್ಪಳೆ ಎದ್ದು ಕೆಳಗೆ ಬಿತ್ತು.

ಅದು ಬಿಟ್ಟ ಜಾಗದಲ್ಲಿ ಕೆಮ್ಮಣ್ಣಿನಲ್ಲಿ ಬರೆದ ಒಂದು ಕೊಡ ಇತ್ತು. ಬಾಯಿ ಅಗಲ, ಹೊಟ್ಟೆ ದುಂಡಗೆ, ಅಂಚಿನಿಂದ ಮೂರು ಹನಿ ತುಳುಕುತ್ತಿದ್ದವು.

ಮಗಳ ಅಳು ನಿಂತಿತು. ಎದ್ದು ಬಂದಳು. ಕೊಡವನ್ನು ಅಂಗೈಯಿಂದ ತಟ್ಟಿದಳು. ತಾಯಿಯ ಕೈ ಹಿಡಿದು ಎಳೆದು, ಆ ಕೈಯನ್ನು ಕೊಡದ ಮೇಲಿಟ್ಟು, ತಾಯಿಯ ಮುಖ ನೋಡಿದಳು.

"ನೀರಾ?" ಎಂದಳು ತಾಯಿ. ಸೋರೆಬುರುಡೆಯಿಂದ ನೀರು ಬಗ್ಗಿಸಿ ಕೊಟ್ಟಳು. ಮಗಳು ಕುಡಿದಳು. ಮತ್ತೆ ಓಡಿಹೋಗಿ ಕೊಡ ತಟ್ಟಿದಳು. ಮತ್ತೆ ನೀರು ಬಂತು. ಮೂರನೆಯ ಸಲ ಅವಳಿಗೆ ಬಾಯಾರಿಕೆ ಇರಲಿಲ್ಲ. ತಟ್ಟಿದರೆ ತಾಯಿಗೆ ತಿಳಿಯುತ್ತದೆ ಎಂಬುದೇ ಅವಳಿಗೆ ಕುಡಿದಷ್ಟು ತಂಪಾಗಿತ್ತು. ಗಟ್ಟಿಯಾಗಿ ನಕ್ಕಳು.

ಸುಣ್ಣದವಳು ಗೋಡೆಗೊರಗಿ ಕೂತಳು. ಮೊದಲು ಬಂದದ್ದು ಸಂತೋಷ. ಅದರ ಬೆನ್ನಿಗೇ ಸಿಟ್ಟು ಬಂತು. ಇಪ್ಪತ್ತು ವರ್ಷ ಈ ಕೊಡದ ಮೇಲೆ ಸುಣ್ಣ ಬಳಿದವಳು ತಾನೇ! ಹೊಟ್ಟೆಯಲ್ಲಿ ಈ ಮಗಳನ್ನು ಹೊತ್ತುಕೊಂಡೂ ಬಳಿದಿದ್ದಳು.

ಆ ದಿನ ಅದನ್ನು ಮುಚ್ಚದೆ ಬಿಡುವ ಹಾಗಿರಲಿಲ್ಲ. ಕಣಜಕ್ಕೆ ಜನ ಬರುವ ಹೊತ್ತಾಗಿತ್ತು. ಕೊಡದ ಮೇಲೆ ಕುಂಚ ಹೋಗುವುದನ್ನು ಕಂಡು ಮಗಳು ಮೈ ಸುಟ್ಟವಳ ಹಾಗೆ ಚೀರಿದಳು.

"ಅಳಬೇಡ ಕಂದ" ಎಂದಳು ತಾಯಿ. "ಗೋಡೇಲಿ ಬೇಡ. ನಿನ್ನ ಕೈಗೇ ಕೊಡ್ತೀನಿ."

ಊರಿನ ಅಂಚಿನಲ್ಲಿ ಕುಂಬಾರಜ್ಜಿ ಇದ್ದಳು. ಸುಣ್ಣದವಳು ಅವಳ ಆವಿಗೆಯ ಹತ್ತಿರ ಹೋಗಿ ನಿಂತಳು.

"ಅಜ್ಜೀ, ಅಂಗೈಯಗಲದ ಬಿಲ್ಲೆ ಮಾಡಿಕೊಡ್ತೀಯಾ? ಹಸಿಯಾಗೇ ಕೊಡು. ಮೇಲೆ ನಾನೊಂದು ಚೂರು ಗೀರಬೇಕು. ಆಮೇಲೆ ಸುಟ್ಟುಕೊಡು."

"ಗೀರಬೇಕಾ?" ಅಜ್ಜಿ ತಿರುಗುವ ಚಕ್ರ ನಿಲ್ಲಿಸಿದಳು. ಸುಣ್ಣದವಳನ್ನು ನೋಡಿದಳು, ಅವಳ ಸೆರಗು ಹಿಡಿದು ನಿಂತ ಮಗುವನ್ನು ನೋಡಿದಳು, ಮಗುವಿನ ಮುಂಗೈಯ ಹಲ್ಲಿನ ಗುರುತನ್ನು ನೋಡಿದಳು. "ನನ್ನ ತಮ್ಮ ಹೊಳೆ ದಾಟಿ ಐವತ್ತೆರಡು ವರ್ಷ ಆಯ್ತು ಕಣವ್ವ. ಅವನೂ ಹಿಂಗೇ ಕಚ್ಚಿಕೊಳ್ತಿದ್ದ. ಅವನಿಗೆ ಏನು ಬೇಕಿತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟು ಬಿಲ್ಲೆ ಬೇಕು, ಹೇಳು."

ಬಿದಿರುಕಡ್ಡಿಯಿಂದ ಸುಣ್ಣದವಳು ಗೀರಿದಳು. ಕೊಡ, ರೊಟ್ಟಿ, ಬೆಲ್ಲದಚ್ಚು, ಚಾಪೆ, ತಾಯಿಯ ಮಡಿಲು, ಬಾಗಿಲು. ಬಿಲ್ಲೆಗಳು ಕೆಂಪಗೆ ಸುಟ್ಟು ಬಂದವು. ಅವನ್ನು ಬಟ್ಟೆಯ ಚೀಲಕ್ಕೆ ಹಾಕಿ ಮಗಳ ಸೊಂಟಕ್ಕೆ ಕಟ್ಟಿದಳು.

ಮೊದಲ ಎರಡು ದಿನ ಮಗಳು ಬಿಲ್ಲೆಗಳನ್ನು ನೆಕ್ಕಿದಳು, ಎಸೆದಳು, ಒಂದರ ಮೇಲೊಂದು ಪೇರಿಸಿ ಬೀಳಿಸಿದಳು. ಮೂರನೆಯ ದಿನ ಕೊಡದ ಬಿಲ್ಲೆಯನ್ನು ತಂದು ತಾಯಿಯ ಅಂಗೈಯಲ್ಲಿಟ್ಟಳು. ತಾಯಿ "ನೀರು" ಎಂದು ಒಂದೇ ಸಲ ಹೇಳಿ, ಆ ಕ್ಷಣವೇ ನೀರು ಕೊಟ್ಟಳು. ತಡಮಾಡಿದರೆ ಅದು ಬರೀ ಮಣ್ಣಾಗಿಬಿಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು. ಬೆಲ್ಲದಚ್ಚಿನ ಬಿಲ್ಲೆ ಬಂತು, ಬೆಲ್ಲ ಕೊಟ್ಟಳು. ರೊಟ್ಟಿಯ ಬಿಲ್ಲೆ ಬಂತು, ರೊಟ್ಟಿ ಕೊಟ್ಟಳು. ಮಗಳು ಅದನ್ನು ತಳ್ಳಿ, ಬಿಲ್ಲೆಯನ್ನು ತಾಯಿಯ ಹಣೆಗೆ ಒತ್ತಿದಳು. ಸುಣ್ಣದವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಬರೀ ಒಂದು ದುಂಡು ಗೀರಿದ್ದಳು. ಮಗಳಿಗೆ ಅದು ತಾಯಿಯ ಹಣೆಯ ಬೊಟ್ಟು. ಮಗಳ ಹಣೆಗೂ ಒಂದು ಬೊಟ್ಟಿಟ್ಟಳು, ಮರುದಿನ ಹೊಸ ಬಿಲ್ಲೆಯಲ್ಲಿ ರೊಟ್ಟಿಗೆ ಸೀದ ಕಲೆಗಳನ್ನು ಗೀರಿದಳು.

ಆದರೂ ಮುಂಗೈ ಕಚ್ಚುವುದು ನಿಂತಿರಲಿಲ್ಲ. ತಲೆ ಬಾಚುವಾಗ ಕಚ್ಚಿಕೊಳ್ಳುತ್ತಿದ್ದಳು, ಎರೆಯುವಾಗ ಕಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಸುಣ್ಣದವಳು ಬಾಚಣಿಗೆಯನ್ನು ಕೆಳಗಿಟ್ಟು ಯೋಚಿಸಿದಳು. ಬೇಕು ಅನ್ನಲಿಕ್ಕೆ ಆರು ಬಿಲ್ಲೆ ಕೊಟ್ಟಿದ್ದೇನೆ, ಬೇಡ ಅನ್ನಲಿಕ್ಕೆ ಇವಳ ಹತ್ತಿರ ಹಲ್ಲು ಬಿಟ್ಟರೆ ಏನಿದೆ?

ಅವಳು ಇನ್ನೊಂದು ಬಿಲ್ಲೆ ಮಾಡಿದಳು. ಅದರಲ್ಲಿ ಬೋರಲು ಹಾಕಿದ ಕೊಡ.

ಆ ಬಿಲ್ಲೆ ಕೈಗೆ ಬಂದ ದಿನ ಮಗಳು ಹನ್ನೊಂದು ಸಲ ಬೇಡ ಎಂದಳು. ಬಾಚಣಿಗೆ ಬೇಡ, ಸ್ನಾನ ಬೇಡ, ಪಕ್ಕದ ಮನೆಯವಳು ಕೆನ್ನೆ ಹಿಂಡುವುದು ಬೇಡ. ತಾಯಿ ಲಾಲಿ ಹಾಡಲು ಶುರು ಮಾಡಿದಾಗಲೂ ಬೋರಲು ಕೊಡ ತಂದಿಟ್ಟಳು. ಸುಣ್ಣದವಳಿಗೆ ಒಂದಿಷ್ಟು ಬೇಜಾರಾಯಿತು, ನಗುವೂ ಬಂತು. ಹಾಡು ನಿಲ್ಲಿಸಿದಳು. ಮುಂಗೈಯ ಗಾಯ ಆ ವಾರ ಮಾಯಿತು.

ಐದು ತುಂಬಿದ ಬೆಳಿಗ್ಗೆ ನಗಾರಿ ಬಡಿಯಿತು. ಸುಣ್ಣದವಳು ಮಗಳನ್ನು ಕಟ್ಟೆಯ ಮುಂದೆ ನಿಲ್ಲಿಸಿದಳು. ಬೇಡ ಎಂದಿದ್ದರಿಂದ ತಲೆ ಬಾಚಿರಲಿಲ್ಲ.

"ಸುಣ್ಣದವಳೇ, ಇಂದಿನಿಂದ ನೀನು ಅವಳಿಗಾಗಿ ಕೇಳುವ ಹಾಗಿಲ್ಲ" ಎಂದ ಕೇಳುಗ. "ಮಗು, ಕೇಳು."

ಮಗಳು ಚೀಲದಿಂದ ಕೊಡದ ಬಿಲ್ಲೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಕೇಳುಗ ಕೆಂಡ ಮುಟ್ಟಿದವನಂತೆ ಕೈ ಹಿಂದೆಗೆದ. ಬಿಲ್ಲೆ ಕಟ್ಟೆಯ ಮೇಲೆ ಉರುಳಿತು. ಸಾಲಿನಲ್ಲಿದ್ದವರು ಕಣ್ಣು ಮುಚ್ಚಿಕೊಂಡರು. ಕೆಲವರು ಬೆರಳ ಸಂದಿನಿಂದ ನೋಡಿದರು.

"ಚಿತ್ರ!" ಎಂದ ಕೇಳುಗ. "ಇದನ್ನು ಯಾರು ಮಾಡಿದ್ದು?"

"ನಾನೇ ಅಪ್ಪಾ" ಎಂದಳು ಸುಣ್ಣದವಳು. "ಮಗು ನೀರು ಕೇಳ್ತಿದೆ."

"ನನಗೇನೂ ಕೇಳಿಸಲಿಲ್ಲ."

ಮಗಳು ಬಿಲ್ಲೆಯನ್ನು ಹೆಕ್ಕಿ ಮತ್ತೆ ಇಟ್ಟಳು. ಅವನು ಮತ್ತೆ ಬೀಳಿಸಿದ. ಮೂರನೆಯ ಸಲ ಅದು ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ಮಗಳು ಆ ಬರಿ ಅಂಗೈಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಇಟ್ಟರೂ ಕೊಡದ ಕೈಯನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಕೇಳುಗ ಕೆಟ್ಟವನಾಗಿರಲಿಲ್ಲ. ಅವನಿಗೂ ಮಕ್ಕಳಿದ್ದರು. ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ ಹೇಳಿದ: "ಮಗು, 'ನೀ' ಅನ್ನು. ಅರ್ಧ ಸಾಕು. ನಾನು ಕೇಳಿಸಿತು ಅಂತೀನಿ."

ಅನ್ನಲಿ, ಒಂದೇ ಒಂದು ಸಲ ಅನ್ನಲಿ ಎಂದು ಸುಣ್ಣದವಳ ಜೀವ ಬಾಯಿಗೆ ಬಂದಿತ್ತು. ಮಗಳು ಚೀಲದೊಳಗೆ ಕೈ ಹಾಕಿ ಹುಡುಕಿದಳು. ಬೋರಲು ಕೊಡದ ಬಿಲ್ಲೆಯನ್ನು ತೆಗೆದು ಕೇಳುಗನ ಮಂಡಿಯ ಮೇಲೆ ಇಟ್ಟಳು. ಮೆಲ್ಲಗೆ ಇಡಲಿಲ್ಲ, ಕುಟ್ಟಿದಳು.

"ಇದೇನು?"

"ಬೇಡ ಅಂತಿದ್ದಾಳೆ" ಎಂದಳು ಸುಣ್ಣದವಳು.

"ಏನು ಬೇಡ? ನೀರು ಬೇಡವಾ?"

"ನಿಮ್ಮ ಅರ್ಧ ಮಾತು ಬೇಡ. ಅವಳು ಪೂರ್ತಿ ಕೇಳಿದ್ದಳು. ಮೂರು ಸಲ."

ಕಟ್ಟೆಯ ಮುಂದೆ ಬೇಡ ಎಂಬ ಮಾತು ಹುಟ್ಟಿದ್ದು ಅದೇ ಮೊದಲು. ಕೇಳುಗನ ಮುಖ ಬಿಗಿಯಿತು. "ಹೊಳೆ ದಾಟಿಸಿ" ಎಂದ.

"ನಾನೂ ಹೋಗ್ತೀನಿ."

"ನಿನಗೆ ಬಾಯಿದೆ. ನೀನು ಹೋಗುವ ಹಾಗಿಲ್ಲ."

"ಇವತ್ತಿಂದ ಈ ಕಟ್ಟೆ ಮುಂದೆ ನಂಗೆ ಬಾಯಿಲ್ಲ" ಎಂದಳು. ಕೈಯಲ್ಲಿದ್ದ ಕುಂಚವನ್ನು ಕಟ್ಟೆಯ ಮೇಲಿಟ್ಟಳು. ಕೇಳುಗ ಮೂರು ಸಲ ಕೇಳಿದ, ನಿನಗೇನು ಬೇಕು ಹೇಳು ಎಂದು. ಅವಳು ಮೂರು ಸಲವೂ ಅವನ ಮುಖವನ್ನೇ ನೋಡಿಕೊಂಡು ತುಟಿ ಬಿಗಿದು ನಿಂತಳು. ಕಟ್ಟಳೆಯ ಪ್ರಕಾರ ಅವಳೂ ಹೊಳೆ ದಾಟಬೇಕಾಯಿತು.

ಮೊಣಕಾಲುದ್ದದ ನೀರಿನಲ್ಲಿ ತಾಯಿ ಮಗಳು ನಡೆಯುತ್ತಿದ್ದಾಗ ಹಿಂದೆ ಛಳಛಳ ಸದ್ದಾಯಿತು. ತಲೆಯ ಮೇಲೆ ಬುಟ್ಟಿ ಹೊತ್ತು ಕುಂಬಾರಜ್ಜಿ ಬರುತ್ತಿದ್ದಳು.

"ನೀನ್ಯಾಕೆ ಬಂದೆ ಅಜ್ಜೀ? ನಿನ್ನನ್ನ ಯಾರು ಕಳಿಸಿದ್ರು?"

"ಕಳಿಸೋಕೆ ಅವರ್ಯಾರು? ಬುಟ್ಟಿ ತುಂಬ ಹಸಿಮಣ್ಣು ತಂದಿದೀನಿ. ನಡಿ."

ಸದ್ದಿಲ್ಲದ ಮನೆ ಒಂದೇ ಉದ್ದನೆಯ ಕೋಣೆ. ಮೂವತ್ತೊಂಬತ್ತು ಜನ ಗೋಡೆಗೆ ಮುಖಮಾಡಿ ಕೂತಿದ್ದರು, ಮಕ್ಕಳು, ಮುದುಕರು, ನಡುವಯಸ್ಸಿನವರು. ಅವರಲ್ಲಿ ಅಜ್ಜಿಯ ತಮ್ಮನೂ ಇದ್ದ. ಸೊಂಟದಲ್ಲಿ ಬೀಗದಕೈ ತೂಗಿಸಿಕೊಂಡ ಕಾವಲಿನವನು ಅವರಿಗೆ ಬಾಗಿಲು ತೆಗೆದ, ಅವರು ಒಳಬಂದ ಮೇಲೆ ಬೀಗ ಹಾಕಿದ.

"ಇಲ್ಲೇನೂ ತೊಂದರೆ ಇಲ್ಲ ತಾಯಿ" ಎಂದ. "ಯಾರೂ ಏನೂ ಕೇಳಲ್ಲ."

ಸುಣ್ಣದವಳು ನೆಲದ ಮೇಲೆ ಬಟ್ಟೆ ಹಾಸಿ ಬಿಲ್ಲೆಗಳನ್ನು ಹರವಿದಳು. ಒಬ್ಬರೂ ತಿರುಗಲಿಲ್ಲ. ಮಗಳಿಗೆ ಅದರ ಪರಿವೆಯಿರಲಿಲ್ಲ. ಬೆಲ್ಲದ ಬಿಲ್ಲೆ ತಾಯಿಯ ಕೈಗಿಟ್ಟಳು, ಸೆರಗಿನ ಗಂಟಿನಿಂದ ಬೆಲ್ಲದ ಚೂರು ಬಂತು. ಮತ್ತೆ ಇಟ್ಟಳು, ಮತ್ತೆ ಬಂತು. ಒಂದು ತಲೆ ತಿರುಗಿತು. ಆಮೇಲೆ ಇನ್ನೊಂದು.

ಅಜ್ಜಿ ಹಸಿಮಣ್ಣು ತಟ್ಟಿದಳು, ಸುಣ್ಣದವಳು ಕೊಡ, ಬೋರಲು ಕೊಡ ಎಲ್ಲವನ್ನೂ ಹೊಸದಾಗಿ ಗೀರಿದಳು, ಗಂಜಿಯ ಒಲೆಯಲ್ಲೇ ಬಿಲ್ಲೆ ಸುಟ್ಟರು. ಒಂದು ವಾರ ಕಳೆದ ಮೇಲೆ ಒಬ್ಬ ಮುದುಕಿ ತೆವಳಿಕೊಂಡು ಬಂದು, ಬಹಳ ಹೊತ್ತು ನೋಡಿ, ಉಪ್ಪಿನ ಮರಿಗೆಯ ಬಿಲ್ಲೆಯನ್ನು ಆರಿಸಿ ಕಾವಲಿನವನ ಕೈಗಿಟ್ಟಳು.

"ಉಪ್ಪಾ?" ಎಂದ ಅವನು. "ಉಪ್ಪು ಮೂಟೆಗಟ್ಟಲೆ ಇದೆಯಲ್ಲ. ಯಾರೂ ಕೇಳಲಿಲ್ಲ ಅಂತ ಗಂಜಿಗೆ ಹಾಕಿರಲಿಲ್ಲ." ಹೇಳುತ್ತ ಹೇಳುತ್ತ ಅವನ ಮಾತು ಸಣ್ಣಗಾಯಿತು. ಆ ಮುದುಕಿ ಬಂದು ಏಳು ವರ್ಷವಾಗಿತ್ತು. ಅವನೇ ಎದ್ದು ಹೋಗಿ ಬೊಗಸೆ ತುಂಬ ಉಪ್ಪು ತಂದ. ಅವಳು ಒಂದು ಕಲ್ಲು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ಆಮೇಲೆ ತಡೆಯಿರಲಿಲ್ಲ. ಒಬ್ಬ ಕಂಬಳಿ ಕೇಳಿದ. ಒಬ್ಬಳು ಬಾಚಣಿಗೆ ಕೇಳಿದಳು. ಪಕ್ಕದವನು ಒರಗಿಕೊಳ್ಳುವುದು ಬೇಡ ಎಂದು ಒಬ್ಬ ಹುಡುಗಿ ಬೋರಲು ಕೊಡವನ್ನು ಅವನ ಮೂಗಿನ ಮುಂದೆ ಹಿಡಿದಳು, ಅವನು ಸರಿದು ಕೂತ. ಅಜ್ಜಿಯ ತಮ್ಮನೊಬ್ಬನೇ ಏನನ್ನೂ ಮುಟ್ಟಲಿಲ್ಲ. ಅಜ್ಜಿ ದಿನವೂ ಅವನ ಮುಂದೆ ಕೂತು ಒಂದೊಂದೇ ಬಿಲ್ಲೆ ತೋರಿಸುತ್ತಿದ್ದಳು. "ಇದಾ ಅಪ್ಪಿ? ಇದಾ?" ಅವನ ತಲೆಗೂದಲು ಬೆಳ್ಳಗಾಗಿತ್ತು. ಅವನನ್ನು ಅವಳು ಅಪ್ಪಿ ಎಂದೇ ಕರೆಯುತ್ತಿದ್ದಳು.

ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಅವನು ತಾನಾಗಿ ಎದ್ದ. ಹರವಿದ ಬಿಲ್ಲೆಗಳ ನಡುವಿನಿಂದ ಬಾಗಿಲಿನ ಬಿಲ್ಲೆಯನ್ನು ಎತ್ತಿದ. ನಡೆದು ಹೋಗಿ ಕಾವಲಿನವನ ಅಂಗೈಯಲ್ಲಿಟ್ಟು, ಆ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿದ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಐವತ್ತೆರಡು ವರ್ಷ ಅವಳು ಹುಡುಕುತ್ತಿದ್ದ ಉತ್ತರ ಅದಾಗಿತ್ತು.

"ಇದು... ಇದು ನಂಗೆ ಕೇಳಿಸಲಿಲ್ಲ" ಎಂದ ಕಾವಲಿನವನು.

"ಕೇಳಿಸದೆ ಇದ್ರೆ ನಿನ್ನ ಇನ್ನೊಂದು ಕೈ ಯಾಕಣ್ಣ ಬೀಗದಕೈಗೆ ಹೋಯ್ತು?" ಎಂದಳು ಸುಣ್ಣದವಳು.

ಅವನು ತಲೆ ಬಗ್ಗಿಸಿ ನೋಡಿಕೊಂಡ. ಹೌದು, ಕೈ ಸೊಂಟದ ಮೇಲಿತ್ತು, ಬೆರಳುಗಳು ಬೀಗದಕೈಯನ್ನು ಬಿಡಿಸುತ್ತಿದ್ದವು. ತಡೆಯಲು ಅವನಿಗೆ ಮನಸ್ಸಾಗಲಿಲ್ಲ. ಬಾಗಿಲು ತೆಗೆದ. ಅಜ್ಜಿಯ ತಮ್ಮ ಮೊದಲು ಹೊರಟ. ಅವನ ಹಿಂದೆ ಎಲ್ಲರೂ ಹೊರಟರು. ಕಡೆಗೆ ಕಾವಲಿನವನೂ ಹೊರಟ, ಬೀಗವನ್ನು ಹೊಳೆಗೆ ಎಸೆದು.

ಊರಿನಲ್ಲಿ ಆ ಒಂದು ತಿಂಗಳು ಗೋಡೆಗಳಿಗೆ ಸುಣ್ಣ ಬಿದ್ದಿರಲಿಲ್ಲ. ಬಿಸಿಲಿಗೆ ಹಪ್ಪಳೆ ಎದ್ದು ಅಲ್ಲೊಂದು ಹಸು, ಇಲ್ಲೊಂದು ಮರ ಕಾಣತೊಡಗಿದ್ದವು. ಯಾವ ಮಗುವಿನ ನಾಲಿಗೆಯೂ ಬಿದ್ದಿರಲಿಲ್ಲ. ಎಳೆಯ ಮಕ್ಕಳು ಹಸುವನ್ನು ತಟ್ಟಿ ಹಾಲು ಹಾಲು ಎಂದು ಕುಣಿಯುತ್ತಿದ್ದವು. ತಾಯಂದಿರು ಅವರನ್ನು ಗದರುವುದನ್ನು ಬಿಟ್ಟಿದ್ದರು.

ನಗಾರಿ ಬಡಿಯುವ ಹೊತ್ತಿಗೆ ಒದ್ದೆ ಕಾಲಿನ ಜನ ಕಟ್ಟೆಯ ಮುಂದೆ ಬಂದು ನಿಂತರು. ಸಾಲಿನಲ್ಲಿದ್ದ ಊರಿನವರು, ಇನ್ನು ಬರುವುದೇ ಇಲ್ಲ ಎಂದುಕೊಂಡಿದ್ದ ಅಣ್ಣನನ್ನು, ಅತ್ತೆಯನ್ನು, ಮಗಳನ್ನು ಗುರುತು ಹಿಡಿದರು. ಒಬ್ಬಳು ಅಲ್ಲೇ ಕೂತು ಅತ್ತಳು.

ಕೇಳುಗ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿದ. "ಕೇಳಿ" ಎಂದ. "ಬಾಯಿಬಿಟ್ಟು ಕೇಳಿ."

ಅವರು ಒಬ್ಬೊಬ್ಬರಾಗಿ ಬಂದು ಅವನ ಮಡಿಲಿಗೆ ಬಿಲ್ಲೆಗಳನ್ನು ಹಾಕಿದರು. ಮಡಿಲು ಭಾರವಾಯಿತು. "ನನಗೆ ಕೇಳಿಸಲಿಲ್ಲ" ಎಂದ. ಇನ್ನೊಂದು ಬಿತ್ತು. "ಕೇಳಿಸಲಿಲ್ಲ" ಎಂದ, ಇನ್ನೂ ಗಟ್ಟಿಯಾಗಿ.

ಸುಣ್ಣದವಳ ಮಗಳು ಅವನ ಹತ್ತಿರ ಹೋಗಲೇ ಇಲ್ಲ. ಅಂಗೈ ಚಾಚದವನ ಹತ್ತಿರ ಅವಳಿಗೇನು ಕೆಲಸ? ನೀರಿನ ಹಂಡೆಯ ಹತ್ತಿರ ಕೂತಿದ್ದ ಹೆಂಗಸಿನ ಕೈಯಲ್ಲಿ ನೇರ ಕೊಡದ ಬಿಲ್ಲೆಯನ್ನಿಟ್ಟಳು.

ಆ ಹೆಂಗಸು ಬಿಲ್ಲೆ ನೋಡಿದಳು. ಕಟ್ಟೆಯ ಕಡೆ ನೋಡಿದಳು. ಕೇಳುಗ ಕಣ್ಣುಮುಚ್ಚಿ ಕೂಗುತ್ತಲೇ ಇದ್ದ. "ನಂಗೆ ಗೊತ್ತಾಯ್ತಲ್ಲ, ಇನ್ನು ಅವರಿಗೆ ಕೇಳಿಸಿದ್ರೆಷ್ಟು ಬಿಟ್ರೆಷ್ಟು" ಎಂದು ಗೊಣಗಿ, ಲೋಟ ಅದ್ದಿ ತುಂಬಿಸಿ ಮಗುವಿನ ಕೈಗೆ ಕೊಟ್ಟಳು. ಪಕ್ಕದ ರಾಗಿಯವಳು ಅದನ್ನು ನೋಡಿದಳು, ಅವಳೂ ಕೈ ಚಾಚಿದಳು. ಎಣ್ಣೆಯವಳೂ ಚಾಚಿದಳು. ಸಾಲು ಕೇಳುಗನನ್ನು ಬಿಟ್ಟು ಅವರ ಕಡೆಗೆ ತಿರುಗಿತು. ಬಾಯಿಂದ ಕೇಳುವವರು ಬಾಯಿಂದ ಕೇಳಿದರು, ಬಿಲ್ಲೆಯಿಂದ ಕೇಳುವವರು ಬಿಲ್ಲೆಯಿಂದ ಕೇಳಿದರು. ಎರಡಕ್ಕೂ ಅಳತೆ ಒಂದೇ ಆಗಿತ್ತು.

ಸುಣ್ಣದವಳು ಮರದ ನೆರಳಿನಲ್ಲಿ ಕೂತು ಕಾಲು ಚಾಚಿದ್ದಳು. ಮಗಳು ಬಂದು ಒಂದು ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟಳು. ತಾಯಿ ಮಾಡಿದ ಬಿಲ್ಲೆಯಲ್ಲ ಅದು. ಅಂಕುಡೊಂಕಾದ ಅಂಚು, ಮೇಲೆಲ್ಲ ಉಗುರಿನಿಂದ ಗೀರಿದ ಗೆರೆಗಳು. ಯಾವಾಗಲೋ ಅಜ್ಜಿಯ ಮಣ್ಣಿನಲ್ಲಿ ಅವಳೇ ಮಾಡಿಕೊಂಡಿದ್ದಳು.

"ಏನು ಬೇಕು ಕಂದ? ರೊಟ್ಟಿಯಾ?" ಬೋರಲು ಕೊಡ ಬಂತು. "ಮಲಗ್ತೀಯಾ?" ಮತ್ತೆ ಬೋರಲು ಕೊಡ. "ಎತ್ತಿಕೊಳ್ಳಲಾ?" ಮಗಳು ಬೇಸತ್ತು ಬಿಲ್ಲೆಯನ್ನು ತಾಯಿಯ ಕಣ್ಣಿನ ಹತ್ತಿರಕ್ಕೇ ಹಿಡಿದಳು.

ಆಗ ಸುಣ್ಣದವಳು ಸರಿಯಾಗಿ ನೋಡಿದಳು. ಕೆಳಗೆ ಅಲೆಯಲೆಯಾಗಿ ಒಂದು ಗೆರೆ. ಅದರ ಮೇಲೆ ನೆಟ್ಟಗೆ ನಿಂತ ಕಡ್ಡಿಗಳು, ಒಂದರ ಹಿಂದೆ ಒಂದು, ಲೆಕ್ಕವಿಲ್ಲದಷ್ಟು.

"ಹೊಳೆ" ಎಂದಳು ತಾಯಿ ಮೆಲ್ಲಗೆ. "ಹೊಳೆ ದಾಟಿ ಬಂದ್ವಲ್ಲ, ನಾವೆಲ್ಲ." ಮಗಳು ಏನನ್ನೂ ಕೇಳುತ್ತಿರಲಿಲ್ಲ. ನಡೆದದ್ದನ್ನು ಹೇಳುತ್ತಿದ್ದಳು.

ಕಡ್ಡಿಗಳ ನಡುವೆ ಒಂದು ಎಲ್ಲಕ್ಕಿಂತ ಎತ್ತರವಾಗಿತ್ತು, ಬಿಲ್ಲೆಯ ತುದಿ ಮುಟ್ಟುವಷ್ಟು. "ಇದ್ಯಾರು? ಅಜ್ಜಿ ತಮ್ಮನಾ? ನಾನಾ?"

ಮಗಳು ಬೆರಳನ್ನು ಆ ಎತ್ತರದ ಕಡ್ಡಿಯ ಮೇಲಿಟ್ಟಳು. ಆಮೇಲೆ ಅದೇ ಬೆರಳನ್ನು ತನ್ನ ಎದೆಯ ಮೇಲಿಟ್ಟುಕೊಂಡಳು.